ಚರ್ಚ್‌ಗೇಟ್ ರೈಲು ನಿಲ್ದಾಣ

ಚರ್ಚ್‌ಗೇಟ್ ನಿಲ್ದಾಣ: ಮುಂಬಯಿಯ ಪಶ್ಚಿಮ ರೈಲ್ವೆ ಮಾರ್ಗದಲ್ಲಿ ಲೋಕಲ್ ಗಾಡಿಗಳ ದಕ್ಷಿಣ ತುದಿಯ ನಿಲ್ದಾಣ. ಇಲ್ಲಿಂದ 60 ಕಿಲೋಮೀಟರ್ ದೂರದ ವಿರಾರ್‌ವರೆಗೆ ಲೋಕಲ್‌ಗಳು ಓಡುತ್ತವೆ. 2013ರಿಂದ ಕೆಲವು ಗಾಡಿಗಳು 124 ಕಿಲೋಮೀಟರ್ ದೂರದ ಡಹಾಣೂ ರೋಡ್ ಮುಟ್ಟುತ್ತಿವೆ. ಪ್ಲಾಟ್‌ಫಾರ್ಮುಗಳು ಬರೀ ನಾಲ್ಕು. ದೂರದೂರಿನ ಒಂದು ಗಾಡಿಯೂ ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಟ್ರಂಕು ಹೊತ್ತ ಕೂಲಿಯಾಗಲಿ, ಕಿಟಕಿಗೆ ಕೈಯಾನಿಸಿ ಕಣ್ಣೊರೆಸಿಕೊಳ್ಳುವ ನೆಂಟರಾಗಲಿ ಇಲ್ಲಿ ಕಾಣಸಿಗರು. ಬೆಳಗ್ಗೆ ದುಡಿಯಲು ಬಂದು ಸಂಜೆ ಮನೆಗೆ ಮರಳುವವರ ನಿಲ್ದಾಣ ಇದು. ಇಷ್ಟಾಗಿಯೂ ಇದನ್ನು ಕಟ್ಟಿದವರು ಇದನ್ನು ಕೊನೆಯ ನಿಲ್ದಾಣವೆಂದು ಎಣಿಸಿರಲಿಲ್ಲ. ಗಾಡಿಗಳು ಇಲ್ಲಿ ಅರೆಗಳಿಗೆ ನಿಂತು ಮುಂದೆ ಕೊಲಾಬಾಗೆ ಹೋಗುತ್ತಿದ್ದವು.

ಹೆಸರಿನ ಮೂಲ ಬ್ರಿಟಿಷರ ಕೋಟೆಯಲ್ಲಿದೆ. ಹಳೆಯ ಬೊಂಬಾಯಿಯ ಕೋಟೆಗೆ ಅಪೋಲೋ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್ ಎಂದು ಮೂರು ಬಾಗಿಲುಗಳಿದ್ದವು. 1718ರಲ್ಲಿ ತೆರೆದ ಸೇಂಟ್ ಥಾಮಸ್ ಇಗರ್ಜಿಗೆ ದಾರಿ ಮಾಡಿಕೊಡುತ್ತಿದ್ದ ಬಾಗಿಲೇ ಚರ್ಚ್ ಗೇಟ್. 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರೆರ್ ಕಾಲದಲ್ಲಿ, ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಬಾಗಿಲಿದ್ದ ಜಾಗದ ಆಸುಪಾಸಿನಲ್ಲಿ ಈಗ ಫ್ಲೋರಾ ಕಾರಂಜಿ ಇದೆ. 1870ರಲ್ಲಿ ನಿಲ್ದಾಣ ತೆರೆಯುವ ಹೊತ್ತಿಗೆ ಆ ಬಾಗಿಲು ಬಿದ್ದುಹೋಗಿತ್ತು. ಮುಂಬಯಿಗೆ ಹೊಸದಾಗಿ ಬಂದವರು ಸ್ಟೇಷನ್ನಿನಿಂದ ಹೊರಬಿದ್ದು ಚರ್ಚ್ ಎಲ್ಲಿದೆಯೆಂದು ಸುತ್ತ ನೋಡುವುದುಂಟು. ಅದಕ್ಕೆ ಮೈದಾನ ದಾಟಿ, ಫ್ಲೋರಾ ಕಾರಂಜಿಯನ್ನೂ ದಾಟಿ ಪೂರ್ವಕ್ಕೆ ನಡೆಯಬೇಕು.

ರೈಲನ್ನು ಇಲ್ಲಿಗೆ ತಂದದ್ದು ಹತ್ತಿ. 1855ರಲ್ಲಿ ಹುಟ್ಟಿದ ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿ ಗುಜರಾತಿನ ಕಡೆಯಿಂದ ಹಳಿ ಹಾಕುತ್ತ ಬಂದು 1864ರ ನವೆಂಬರಿನಲ್ಲಿ ಗ್ರಾಂಟ್ ರೋಡ್ ತಲುಪಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿದ್ದ ಕಾಲ ಅದು. ಗುಜರಾತಿನ ಹತ್ತಿಗೆ ಬಂಗಾರದ ಬೆಲೆ ಬಂದು ಬೊಂಬಾಯಿಗೆ ಹಣ ಹರಿಯಿತು. ಆ ಹಣ ಬ್ಯಾಕ್‌ಬೇ ಕಡಲನ್ನು ತುಂಬಿ ನೆಲ ಮಾಡುವ ಕಂಪನಿಗಳ ಷೇರುಗಳಿಗೆ ಸುರಿಯಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು, ಎಷ್ಟೋ ಮನೆತನಗಳು ದಿವಾಳಿಯೆದ್ದವು. ರೈಲು ಮಾತ್ರ ಕಡಲಂಚಿನ ಪಟ್ಟಿ ಹಿಡಿದು ದಕ್ಷಿಣಕ್ಕೆ ಸಾಗಿತು. 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್‌ಬೇಗೆ ಒಂದು ಗಾಡಿ ಶುರುವಾಯಿತು. ಪಶ್ಚಿಮ ಮಾರ್ಗದ ಲೋಕಲ್ ಓಡಾಟದ ಹುಟ್ಟು ಅಂದಿನದು. ಮೂರು ವರ್ಷಕ್ಕೆ ಚರ್ಚ್‌ಗೇಟ್ ಬಂತು. ಆಮೇಲೆ ಹತ್ತಿ ವಹಿವಾಟಿನ ನೆಲೆಯಾಗಿದ್ದ ಕೊಲಾಬಾಗೂ ಹಳಿ ಹೋಗಿ, 1896ರಲ್ಲಿ ಅಲ್ಲೊಂದು ಭರ್ಜರಿ ಟರ್ಮಿನಸ್ ಎದ್ದಿತು.

ಆಗ ಇಲ್ಲಿನ ಹಳಿಗಳ ಪಶ್ಚಿಮಕ್ಕೆ ಸಮುದ್ರವೇ ಇತ್ತು. ಮರೀನ್ ಡ್ರೈವ್ ಇನ್ನೂ ಹುಟ್ಟಿರಲಿಲ್ಲ. ಎರಡು ನಿಲ್ದಾಣ ಆಚೆಗಿನ ಚರ್ನಿ ರೋಡ್ ಹೆಸರಿನಲ್ಲಿ ದನ ಮೇಯುವ ‘ಚರಣಿ’ ಉಳಿದಿದೆ. ಮೇವಿಗೆ ಸುಂಕ ಕಟ್ಟಲಾಗದ ಬಡವರ ದನಗಳಿಗಾಗಿ ಪಾರ್ಸಿ ವರ್ತಕ ಜಮ್‌ಶೆಟ್‌ಜಿ ಜೀಜೀಭಾಯ್ 1838ರಲ್ಲಿ ಅಲ್ಲಿ ನೆಲ ಕೊಂಡು ಬಿಟ್ಟಿದ್ದರು. ಇಂದು ಆ ಹೆಸರನ್ನು ದಿನಕ್ಕೆ ನೂರಾರು ಸಲ ಧ್ವನಿವರ್ಧಕ ಕೂಗುತ್ತದೆ. ಹಿಂದಿನ ಹುಲ್ಲುಗಾವಲನ್ನು ನೆನೆಯುವವರು ಕಡಿಮೆ.

ನಿಲ್ದಾಣದ ಎದುರಿಗಿರುವ ರೈಲ್ವೆ ಕೇಂದ್ರ ಕಚೇರಿಯನ್ನು 1899ರಲ್ಲಿ ಕಟ್ಟಿ ಮುಗಿಸಲಾಯಿತು. ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ಎಫ್. ಡಬ್ಲ್ಯು. ಸ್ಟೀವನ್ಸ್ ಅವರದೇ ವಿನ್ಯಾಸ. ಬಸಾಲ್ಟ್ ಗೋಡೆ, ನಡುನಡುವೆ ಬಿಳಿಗಲ್ಲಿನ ಪಟ್ಟಿ, ತಲೆಯ ಮೇಲೆ ಗುಮ್ಮಟಗಳು. 1951ರ ನವೆಂಬರ್ 5ರಂದು ಪಶ್ಚಿಮ ರೈಲ್ವೆ ರೂಪುಗೊಂಡ ಮೇಲೆ ಅದರ ಮುಖ್ಯಾಲಯ ಇದೇ ಆಯಿತು. ಇಷ್ಟು ಚಂದದ ಕಟ್ಟಡವನ್ನು ತಲೆಯೆತ್ತಿ ನೋಡಲು ಬೆಳಗಿನ ಜನಕ್ಕೆ ಪುರುಸೊತ್ತಿಲ್ಲ ಎಂಬುದು ಬೇಸರದ ಸಂಗತಿ. ರಜೆಯ ದಿನ ಒಮ್ಮೆ ಎದುರಿಗೆ ನಿಂತು ನೋಡಬೇಕು. ನಿಲ್ದಾಣದ ಈಗಿನ ಕಾಂಕ್ರೀಟು ಕಟ್ಟಡ ಸ್ವಾತಂತ್ರ್ಯಾನಂತರದ್ದು. ಅದರಲ್ಲಿ ಅಂಥ ಕುಸುರಿಯೇನೂ ಇಲ್ಲ.

ಚರ್ಚ್‌ಗೇಟಿನ ಹಣೆಬರಹ ಬದಲಾದದ್ದು 1928 ಮತ್ತು 1930ರ ನಡುವೆ. 1928ರ ಜನವರಿ 5ರಂದು ಕೊಲಾಬಾದಿಂದ ಬೋರಿವಲಿವರೆಗೆ 1,500 ವೋಲ್ಟ್ ಡಿ.ಸಿ. ವಿದ್ಯುತ್ತಿನ ಗಾಡಿಗಳು ಓಡತೊಡಗಿದವು. 1930ರ ಡಿಸೆಂಬರಿನಲ್ಲಿ ಕ್ಲಾಡ್ ಬ್ಯಾಟ್ಲಿ ವಿನ್ಯಾಸದ ಬಾಂಬೆ ಸೆಂಟ್ರಲ್ ತೆರೆದು, ದೂರದೂರಿನ ಗಾಡಿಗಳೆಲ್ಲ ಅಲ್ಲಿಗೆ ಹೋದವು. ಬ್ಯಾಕ್‌ಬೇ ಕಡಲನ್ನು ತುಂಬುವ ಯೋಜನೆಗೆ ನೆಲ ಬೇಕಾಗಿದ್ದರಿಂದ ಅದೇ ವರ್ಷದ ಕೊನೆಯ ದಿನ ಕೊಲಾಬಾ ಮಾರ್ಗವನ್ನು ಮುಚ್ಚಲಾಯಿತು. ಅಲ್ಲಿನ ಟರ್ಮಿನಸ್ ಜಾಗದಲ್ಲಿ ಈಗ ರೈಲ್ವೆ ಅಧಿಕಾರಿಗಳ ವಸತಿ, ಬಧ್ವಾರ್ ಪಾರ್ಕ್, ಇದೆ. ನಡುವಿನ ನಿಲ್ದಾಣ ಹೀಗೆ ಕೊನೆಯ ನಿಲ್ದಾಣವಾಯಿತು.

ನಾಲ್ಕೇ ಪ್ಲಾಟ್‌ಫಾರ್ಮುಗಳಲ್ಲಿ ಇಷ್ಟು ಗಾಡಿಗಳನ್ನು ಸಂಭಾಳಿಸುವುದು ಹೇಗೆ ಎಂಬ ಪ್ರಶ್ನೆಗೂ ವಿದ್ಯುತ್ತೇ ಉತ್ತರ. ಉಗಿಬಂಡಿಯಾದರೆ ಎಂಜಿನ್ ಕಳಚಿ, ಸುತ್ತು ಹಾಕಿಸಿ ಇನ್ನೊಂದು ತುದಿಗೆ ಜೋಡಿಸಬೇಕು. ಲೋಕಲ್‌ಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿದೆ. ಗಾಡಿ ಬಂದು ನಿಂತ ಕೆಲವೇ ನಿಮಿಷಗಳಲ್ಲಿ ಹಿಂದಿನದು ಮುಂದಾಗುತ್ತದೆ. ಮೋಟರ್‌ಮನ್ ಹತ್ತಿದ, ಗಾರ್ಡ್ ಗಂಟೆ ಕೊಟ್ಟ, ಗಾಡಿ ಹೊರಟಿತು. ಇಡೀ ಪಶ್ಚಿಮ ಮಾರ್ಗದಲ್ಲಿ ದಿನಕ್ಕೆ ಸುಮಾರು 1,400 ಲೋಕಲ್ ಓಡಾಟಗಳು ನಡೆಯುವುದು ಈ ಅನುಕೂಲದಿಂದಲೇ. ಗಾಡಿಗಳು ಕಾಲಕ್ರಮದಲ್ಲಿ 12 ಡಬ್ಬಗಳಿಗೆ, 2009ರಲ್ಲಿ 15 ಡಬ್ಬಗಳಿಗೆ ಉದ್ದವಾದವು. 2012ರ ಹೊತ್ತಿಗೆ ಹಳೆಯ ಡಿ.ಸಿ. ಹೋಗಿ 25,000 ವೋಲ್ಟ್ ಎ.ಸಿ. ಬಂತು.

ಸಂಜೆಯ ಚರ್ಚ್‌ಗೇಟನ್ನು ಇಂಡಿಕೇಟರ್ ಕೆಳಗೆ ನಿಂತು ನೋಡಬೇಕು. ಊರಿನ ಹೆಸರಿನ ಒಂದೆರಡು ಅಕ್ಷರ, ಹೊರಡುವ ಹೊತ್ತು, ಫಾಸ್ಟೋ ಸ್ಲೋವೋ ಎಂಬ ಗುರುತು. ಇಷ್ಟು ಮೂಡಿದ್ದೇ ತಡ, ನೂರಾರು ಕಾಲುಗಳು ಒಂದೇ ಕಡೆ ತಿರುಗುತ್ತವೆ. ಬರುವ ಗಾಡಿ ನಿಲ್ಲುವ ಮೊದಲೇ ಗಂಡಸರು ಬಾಗಿಲ ಕಂಬ ಹಿಡಿದು ಒಳಗೆ ಹಾರುತ್ತಾರೆ. ಕಿಟಕಿ ಪಕ್ಕದ ಸೀಟು, ಅದರಲ್ಲೂ ಗಾಳಿ ಬರುವ ಮಗ್ಗುಲಿನದು, ಮೊದಲು ಭರ್ತಿ. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೂ ಹಕ್ಕಿದೆ. ‘ಥೋಡಾ ಸರಕೋ’ ಎಂದರೆ ಸಾಕು, ಮೂವರೂ ಗೊಣಗದೆ ಗೇಣು ಸರಿಯುತ್ತಾರೆ. ಬಂದವನು ಅರ್ಧ ಕೂತು, ಒಂದು ಕಾಲನ್ನು ನಡುದಾರಿಗೆ ಚಾಚಿ ಬೋರಿವಲಿ ಮುಟ್ಟುತ್ತಾನೆ. ಯಾವ ಕಾನೂನಿನಲ್ಲೂ ಬರೆಯದ ಈ ಔದಾರ್ಯ ಮುಂಬಯಿಯ ದೊಡ್ಡ ಆಸ್ತಿ. ಮರೀನ್ ಲೈನ್ಸ್, ಚರ್ನಿ ರೋಡಿನವರು ಸೀಟಿಗಾಗಿ ಉಲ್ಟಾ ದಿಕ್ಕಿನಲ್ಲಿ ಚರ್ಚ್‌ಗೇಟ್‌ವರೆಗೆ ಬಂದು, ಇಳಿಯದೆ ಅದೇ ಗಾಡಿಯಲ್ಲಿ ಮರಳುವ ರೂಢಿಯೂ ಇದೆ. ಹೆಂಗಸರಿಗೆ ಪ್ರತ್ಯೇಕ ಡಬ್ಬಗಳು ಮೊದಲಿನಿಂದ ಇದ್ದವು. 1992ರ ಮೇ 5ರಂದು ಚರ್ಚ್‌ಗೇಟ್–ಬೋರಿವಲಿ ನಡುವೆ ಪೂರಾ ಗಾಡಿಯೇ ಅವರಿಗಾಗಿ ಓಡಿತು. ಆ ‘ಲೇಡೀಸ್ ಸ್ಪೆಷಲ್’ನಲ್ಲಿ ಸಂಜೆಯ ಅಡುಗೆಗೆ ಅವರೆಕಾಯಿ ಸುಲಿಯುತ್ತ, ಸೊಪ್ಪು ಬಿಡಿಸುತ್ತ ಹೋಗುವವರನ್ನು ಇಂದಿಗೂ ಕಾಣಬಹುದು.

ಮಧ್ಯಾಹ್ನಕ್ಕೆ ಮುಂಚೆ, ಹನ್ನೊಂದೂವರೆಯ ಸುಮಾರಿಗೆ, ಲಗೇಜ್ ಡಬ್ಬದಿಂದ ಗಾಂಧಿಟೋಪಿಯ ಡಬ್ಬಾವಾಲಾಗಳು ಇಳಿಯುತ್ತಾರೆ. ತಲೆಯ ಮೇಲೆ ಉದ್ದನೆಯ ಮರದ ಚೌಕಟ್ಟು, ಅದರ ತುಂಬ ಊಟದ ಡಬ್ಬಿಗಳು. ಹೊರಗಿನ ಫುಟ್‌ಪಾತಿನಲ್ಲಿ ಅದನ್ನು ಇಳಿಸಿ, ಪ್ರತಿ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ-ಅಕ್ಷರ ನೋಡಿ ವಿಂಗಡಿಸುತ್ತಾರೆ. ಡಬ್ಬಿ ಯಾವ ಸ್ಟೇಷನ್ನಿನಿಂದ ಬಂತು, ಯಾವ ಬಡಾವಣೆಯ ಯಾವ ಕಟ್ಟಡದ ಎಷ್ಟನೇ ಮಹಡಿಗೆ ಹೋಗಬೇಕು, ಎಲ್ಲವೂ ಆ ನಾಲ್ಕಾರು ಗುರುತುಗಳಲ್ಲಿದೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದ ಕಸುಬು ಇದು. ಈಗಿನವರಲ್ಲಿ ಬಹುಪಾಲು ಪುಣೆ ಜಿಲ್ಲೆಯ ಹಳ್ಳಿಗರು, ವಾರಕರಿ ಸಂಪ್ರದಾಯದವರು. 2003ರಲ್ಲಿ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ ಇವರನ್ನು ಕಾಣಲು ಬಂದದ್ದು ಇದೇ ನಿಲ್ದಾಣಕ್ಕೆ.

ಕನ್ನಡಿಗರಿಗೂ ಈ ಮಾರ್ಗ ಹೊಸದಲ್ಲ. ಉಡುಪಿ, ಕುಂದಾಪುರ, ಕಾರವಾರದ ಕಡೆಯಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಕಲಿತು, ಮುಂದೆ ಬ್ಯಾಂಕು–ಕಚೇರಿ ಸೇರಿದ ಹುಡುಗರ ತಲೆಮಾರುಗಳೇ ಇವೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಬದುಕುವವರು ಇಂಥ ಲೋಕಲ್ ಜನರೇ; ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದಿದೆ.

2006ರ ಜುಲೈ 11ರ ಸಂಜೆ ಚರ್ಚ್‌ಗೇಟಿನಿಂದ ಹೊರಟ ಗಾಡಿಗಳ ಫಸ್ಟ್‌ಕ್ಲಾಸ್ ಡಬ್ಬಗಳಲ್ಲಿ, ಮಾಟುಂಗಾ ರೋಡ್‌ನಿಂದ ಮೀರಾ ರೋಡ್‌ವರೆಗೆ, ಹನ್ನೊಂದು ನಿಮಿಷದೊಳಗೆ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಮನೆಯಲ್ಲಿ ಅನ್ನಕ್ಕೆ ಎಸರಿಟ್ಟು ಕಾಯುತ್ತಿದ್ದವರ ಮನೆಮಂದಿ ಅವರು. ಮರುದಿನ ಬೆಳಗ್ಗೆ ಲೋಕಲ್‌ಗಳು ಓಡಿದವು, ಜನ ಹತ್ತಿದರು. 2015ರ ಜೂನ್ 28ರಂದು ಗಾಡಿಯೊಂದು ಹಳಿಯ ತುದಿಯ ತಡೆಯನ್ನು ಮುರಿದು ಪ್ಲಾಟ್‌ಫಾರ್ಮಿನ ಮೇಲೇರಿತು. ಭಾನುವಾರವಾದ್ದರಿಂದ ಜನ ಕಡಿಮೆಯಿದ್ದು ದೊಡ್ಡ ಅನಾಹುತ ತಪ್ಪಿತು. 2017ರ ಡಿಸೆಂಬರ್ 25ರಂದು ಮೊದಲ ಹವಾನಿಯಂತ್ರಿತ ಲೋಕಲ್ ಬೋರಿವಲಿಯಿಂದ ಇಲ್ಲಿಗೆ ಬಂತು. ಬಾಂಬಿಗೂ ನಿಲ್ಲದ ಗಾಡಿಗಳನ್ನು 2020ರ ಮಾರ್ಚಿನಲ್ಲಿ ಕೊರೊನಾ ನಿಲ್ಲಿಸಿತು; ಸಾಮಾನ್ಯ ಪ್ರಯಾಣಿಕರು ಮತ್ತೆ ಹತ್ತಲು 2021ರ ಫೆಬ್ರವರಿವರೆಗೆ ಕಾಯಬೇಕಾಯಿತು. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೊ ಕೂಡ ಚರ್ಚ್‌ಗೇಟನ್ನು ಮುಟ್ಟಿದೆ.

ರಾತ್ರಿ ಒಂದರ ಸುಮಾರಿಗೆ ಕೊನೆಯ ಲೋಕಲ್ ಬೋರಿವಲಿಗೆ ಹೊರಡುತ್ತದೆ. ಹೋಟೆಲಿನ ಬಾಗಿಲು ಹಾಕಿ ಬಂದವರು, ಪತ್ರಿಕಾಲಯಗಳ ಪಾಳಿ ಮುಗಿಸಿದವರು ಓಡಿಬಂದು ಹತ್ತುತ್ತಾರೆ. ಆಮೇಲಿನ ಮೂರು ತಾಸು ನಾಲ್ಕೂ ಪ್ಲಾಟ್‌ಫಾರ್ಮುಗಳು ಗುಡಿಸಿ ತೊಳೆಯುವವರ ಪಾಲು. ನಾಲ್ಕೂಕಾಲರ ಹೊತ್ತಿಗೆ ವಿರಾರ್ ಗಾಡಿ ದೀಪ ಹೊತ್ತಿಸಿಕೊಂಡು ನಿಲ್ಲುತ್ತದೆ.