ವೈದ್ಯರು ಬರುವ ಮುನ್ನ

ರಸ್ತೆಯಲ್ಲಿ ಅಪಘಾತವಾದೊಡನೆ ಜನ ಸೇರುತ್ತಾರೆ. ಒಬ್ಬರು ನೀರು ಕುಡಿಸಲು ಮುಂದಾದರೆ ಇನ್ನೊಬ್ಬರು ಗಾಯಾಳುವನ್ನು ಎತ್ತಿ ಕೂರಿಸಲು ನೋಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಪ್ರಜ್ಞೆ ತಪ್ಪಿದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹೇಗೆಂದರೆ ಹಾಗೆ ಎತ್ತಿದರೆ ಅವರು ಮತ್ತೆ ಏಳದಂತೆಯೂ ಆಗಬಹುದು. ದಯೆಯೊಂದೇ ಸಾಲದು, ಕಲಿತ ಕೈಯೂ ಬೇಕು ಎಂಬ ತಿಳಿವಳಿಕೆಯ ಮೇಲೆ ಕಟ್ಟಿದ ಸಂಸ್ಥೆ ಸೇಂಟ್ ಜಾನ್ ಆಂಬುಲೆನ್ಸ್.

ಇದರ ಹೆಸರಿನ ಮೂಲ 11ನೇ ಶತಮಾನದ ಜೆರೂಸಲೇಮಿನಲ್ಲಿದೆ. ಯಾತ್ರಿಕರಿಗಾಗಿ ಅಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಕ್ರೈಸ್ತ ಪಂಥವೊಂದರ ಹೆಸರು ಅದು. ಇಂದಿನ ಸಂಸ್ಥೆ ಮಾತ್ರ 1877ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದು ಗಣಿ, ರೈಲು, ಕಾರ್ಖಾನೆಗಳ ಕಾಲ. ಯಂತ್ರಕ್ಕೆ ಕೈ ಸಿಕ್ಕಿದ ಕಾರ್ಮಿಕನ ಬಳಿಗೆ ವೈದ್ಯರು ಬರುವಷ್ಟರಲ್ಲಿ ರಕ್ತ ಹರಿದುಹೋಗಿರುತ್ತಿತ್ತು. ಪಕ್ಕದಲ್ಲಿ ದುಡಿಯುವವನಿಗೇ ರಕ್ತ ನಿಲ್ಲಿಸುವುದು ಗೊತ್ತಿದ್ದರೆ?

ಸೇನಾ ಶಸ್ತ್ರವೈದ್ಯ ಪೀಟರ್ ಶೆಫರ್ಡ್ 1878ರಲ್ಲಿ ವುಲಿಚ್‌ನಲ್ಲಿ ಜನಸಾಮಾನ್ಯರಿಗೆ ಪಾಠ ಆರಂಭಿಸಿದರು. ಮರುವರ್ಷದ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಇಸಾಂಡ್ಲ್ವಾನ ಯುದ್ಧದಲ್ಲಿ ಅವರು ಮಡಿದರು. ಅವರ ಕೈಪಿಡಿ ಅಚ್ಚಾದದ್ದು ಆ ನಂತರ. ತರಗತಿಗಳಲ್ಲಿ ಬಳಕೆಗೆ ಬಂದ ತ್ರಿಕೋನ ಬಟ್ಟೆಯನ್ನು ಜನಪ್ರಿಯಗೊಳಿಸಿದವರು ಜರ್ಮನಿಯ ವೈದ್ಯ ಎಸ್ಮಾರ್ಕ್. ಕಟ್ಟುವ ಬಗೆಯನ್ನು ತೋರಿಸುವ ಚಿತ್ರಗಳನ್ನು ಆ ಬಟ್ಟೆಯ ಮೇಲೆಯೇ ಅಚ್ಚು ಹಾಕಲಾಗಿತ್ತು!

ಕಲಿತವರು ಸುಮ್ಮನೆ ಕೂರಬಾರದಲ್ಲ? 1887ರಲ್ಲಿ ಸಮವಸ್ತ್ರ ಧರಿಸಿದ ಸ್ವಯಂಸೇವಕರ ದಳ ರೂಪುಗೊಂಡಿತು. ಹೀಗೆ ಕೆಲಸ ಎರಡಾಯಿತು: ಸಂಘ ಕಲಿಸುವುದು, ದಳ ಸೇವೆಗೆ ನಿಲ್ಲುವುದು. ಪಾಠ ಹೇಳಿ ಪರೀಕ್ಷೆ ನಡೆಸುವ ವೈದ್ಯರು, ಸ್ಟ್ರೆಚರ್ ಹೊರುವವರು, ಜನಜಂಗುಳಿಯಲ್ಲಿ ಕಾದು ನಿಲ್ಲುವವರು, ಶುಶ್ರೂಷೆ ಮಾಡುವ ಮಹಿಳೆಯರು ಎಲ್ಲರಿಗೂ ಅದರಲ್ಲಿ ಜಾಗವಿತ್ತು. ಆದರೆ ಎಲ್ಲರ ಕೆಲಸಕ್ಕೂ ಒಂದು ಗೆರೆಯಿತ್ತು. ವೈದ್ಯರು ಬರುವವರೆಗೆ ಜೀವ ಉಳಿಸಬೇಕು, ತಾವೇ ವೈದ್ಯರಾಗಬಾರದು.

ಈ ವಿದ್ಯೆಗೂ ಗಾಂಧೀಜಿಗೂ ನಂಟಿದೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ಲಂಡನ್‌ನಲ್ಲಿದ್ದ ಭಾರತೀಯರನ್ನು ಕೂಡಿಸಿ ಶುಶ್ರೂಷಾ ದಳ ಕಟ್ಟಿದರು. ಸುಮಾರು 80 ಮಂದಿಗೆ ಆರು ವಾರ ಪಾಠ ಹೇಳಿದವರು ಡಾ. ಜೇಮ್ಸ್ ಕ್ಯಾಂಟ್ಲಿ. ಸೇಂಟ್ ಜಾನ್ ಸಂಸ್ಥೆಯ ಪಠ್ಯಕ್ರಮಕ್ಕೆ ಕೈಪಿಡಿ ಬರೆದವರೂ ಇವರೇ. ಪರೀಕ್ಷೆಯಲ್ಲಿ ಒಬ್ಬರ ಹೊರತು ಉಳಿದವರೆಲ್ಲ ತೇರ್ಗಡೆಯಾದರೆಂದು ಗಾಂಧೀಜಿ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಪ್ರತಿ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದು ವಿಧಿಸಿತು. ತರಬೇತಿ ಪಡೆದವರೇ ಅದರ ಹೊಣೆ ಹೊರಬೇಕೆಂದೂ ಹೇಳಿತು. ಪೆಟ್ಟಿಗೆಯೊಂದರಿಂದಲೇ ಜೀವ ಉಳಿಯದೆಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು.

ರಸ್ತೆಯಲ್ಲಿ ಗಾಯಾಳುವನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂಬ ಅಂಜಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿತು. ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಅವರಿಗಿಲ್ಲ. ಕಾನೂನು ಅಂಜಿಕೆಯನ್ನು ಕಳೆಯಬಲ್ಲದು, ಆದರೆ ಕೈಗೆ ಕೆಲಸ ಕಲಿಸಲಾರದು. ಅದಕ್ಕೆ ಶೆಫರ್ಡ್ ಮಾಡಿದ್ದನ್ನೇ ಮಾಡಬೇಕು: ಊರೂರಿನಲ್ಲಿ ಪಾಠ ಹೇಳುವವರು ಮುಂದೆ ಬರಬೇಕು, ಒಂದಿಷ್ಟು ಸಂಜೆಗಳನ್ನು ಕೊಟ್ಟು ಕಲಿಯುವವರೂ ಬೇಕು.