ರೈಲಿನಲ್ಲಿ ಯುರೋಪ್ ಮಧುಚಂದ್ರ: ಗಡಿಭಾಗದ ನವದಂಪತಿಗಳಿಗೆ ಮಾಹಿತಿ

ಉತ್ತೂರ: ಮದುವೆಯಾದ ಜೋಡಿ ಮೊದಲು ಕೊಲ್ಲಾಪುರದ ಅಂಬಾಬಾಯಿ ಮತ್ತು ಜ್ಯೋತಿಬಾ ದರ್ಶನಕ್ಕೆ ಹೋಗುವುದು ಗಡಹಿಂಗ್ಲಜ, ಆಜರಾ, ಇಚಲಕರಂಜಿ ಭಾಗದ ಹಳೆಯ ಪದ್ಧತಿ. ಅದಾದ ಮೇಲೆ ಮಹಾಬಳೇಶ್ವರ ಇಲ್ಲವೆ ಗೋವಾ. ಈಗ ಕೆಲವರು ಯುರೋಪಿನ ಹೆಸರನ್ನೂ ಹೇಳುತ್ತಾರೆ. ಈ ಆಸೆ ಹುಟ್ಟಿಸಿದ್ದು ಹಿಂದಿ ಸಿನಿಮಾ. 1964ರ 'ಸಂಗಮ್' ಚಿತ್ರದಲ್ಲಿ ನವದಂಪತಿ ಯುರೋಪಿಗೆ ಮಧುಚಂದ್ರಕ್ಕೆ ಹೋಗುತ್ತಾರೆ. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಚಿತ್ರದಲ್ಲಿ ನಾಯಕ ನಾಯಕಿ ಯುರೇಲ್ ರೈಲಿನಲ್ಲಿ ಊರೂರು ಸುತ್ತುತ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಇಂಟರ್‌ಲಾಕೆನ್ ಪಟ್ಟಣದಲ್ಲಿ 2016ರಲ್ಲಿ ನಿರ್ಮಾಪಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಲಾಗಿದೆ.

ಸಿನಿಮಾದಲ್ಲಿ ತೋರಿಸದ ಸಂಗತಿ ಎಂದರೆ ಕಾಗದಪತ್ರ. ಗಡಿಭಾಗದ ಜೋಡಿಗೆ ಈ ಪ್ರವಾಸ ಸುಸೂತ್ರವಾಗಿ ನಡೆಯಬೇಕಾದರೆ ಎರಡು ವಿಷಯ ಮೊದಲೇ ನಿಶ್ಚಯವಾಗಬೇಕು. ಒಂದು, ವಧುವಿನ ಪಾಸ್‌ಪೋರ್ಟ್ ಯಾವ ಹೆಸರಿನಲ್ಲಿರಬೇಕು. ಎರಡು, ಎಷ್ಟು ದೇಶ ನೋಡಬೇಕು. ರೈಲು, ಹೋಟೆಲ್, ಖರ್ಚು ಎಲ್ಲವೂ ಇವುಗಳ ಹಿಂದೆ ಬರುತ್ತವೆ.

ವಧುವಿನ ಹೆಸರು

ಇಲ್ಲಿ ಸಂಬಂಧಗಳು ಗಡಿ ನೋಡಿ ಆಗುವುದಿಲ್ಲ. ವರ ಉತ್ತೂರದವನಾದರೆ ವಧು ಸಂಕೇಶ್ವರ ಇಲ್ಲವೆ ನಿಪ್ಪಾಣಿಯವಳು. ಕರ್ನಾಟಕದ ದಾಖಲೆಗಳಲ್ಲಿ ಹೆಸರು ಬರೆಯುವ ರೀತಿ ಬೇರೆ, ಮಹಾರಾಷ್ಟ್ರದ್ದು ಬೇರೆ. ಮಹಾರಾಷ್ಟ್ರದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮ. ಕೆಲವು ಮನೆತನಗಳಲ್ಲಿ ಮದುವೆಯ ದಿನ ವಧುವಿನ ಸ್ವಂತ ಹೆಸರನ್ನೂ ಬದಲಿಸುತ್ತಾರೆ. ಇದರಿಂದ ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಹೆಸರು ಉಳಿಯುತ್ತದೆ.

ಮದುವೆಯಾದ ಕೂಡಲೇ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕು ಎಂಬ ಕಾನೂನಿಲ್ಲ. ತವರಿನ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಅದೇ ಹೆಸರಿನಲ್ಲಿ ಈ ಪ್ರವಾಸ ಮುಗಿಸುವುದು ಸರಳ ದಾರಿ. ವೀಸಾ ಅರ್ಜಿ, ವಿಮಾನದ ಟಿಕೆಟ್, ರೈಲು ಪಾಸ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿದ್ದ ಹೆಸರೇ ಅಕ್ಷರಶಃ ಇರಬೇಕು. ಹೆಸರು ಬದಲಿಸುವ ಇಚ್ಛೆ ಇದ್ದವರು ಮರಳಿ ಬಂದ ನಂತರ ನಿಧಾನವಾಗಿ ಎಲ್ಲ ದಾಖಲೆಗಳನ್ನು ಒಟ್ಟಿಗೆ ಬದಲಿಸಿಕೊಳ್ಳಬಹುದು. ನಡುವೆ ಬದಲಿಸಲು ಹೋದರೆ ಹಳೆಯ ಪಾಸ್‌ಪೋರ್ಟ್ ರದ್ದಾಗುತ್ತದೆ, ಹೊಸದು ಬರುವವರೆಗೆ ವೀಸಾಕ್ಕೆ ಅರ್ಜಿ ಹಾಕಲು ಬರುವುದಿಲ್ಲ.

ಪಾಸ್‌ಪೋರ್ಟ್ ಇಲ್ಲದವರು ನಿಶ್ಚಿತಾರ್ಥ ಆದ ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು. ಕೊಲ್ಲಾಪುರ ಮತ್ತು ಬೆಳಗಾವಿ ಎರಡೂ ಕಡೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1500 ರೂಪಾಯಿ. 2018ರಿಂದ ದೇಶದ ಯಾವ ಊರಿನಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಪೊಲೀಸ್ ತಪಾಸಣೆ ಅರ್ಜಿಯಲ್ಲಿ ಬರೆದ ವಿಳಾಸಕ್ಕೇ ಬರುತ್ತದೆ. ತವರಿನ ವಿಳಾಸ ಕೊಟ್ಟು ಅಷ್ಟರೊಳಗೆ ಗಂಡನ ಮನೆಗೆ ಹೋಗಿದ್ದರೆ ತೊಂದರೆ.

ಒಂದು ವೀಸಾ, 29 ದೇಶ

ಯುರೋಪಿನ 29 ದೇಶಗಳಿಗೆ ಒಂದೇ ವೀಸಾ ಸಾಕು. ಇದಕ್ಕೆ ಷೆಂಗೆನ್ ವೀಸಾ ಎನ್ನುತ್ತಾರೆ. ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಗಡಿಹಳ್ಳಿ. ಮೊಸೆಲ್ ನದಿಯ ದಂಡೆಯ ಮೇಲೆ, ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವ ಜಾಗ. 1985ರ ಜೂನ್ 14ರಂದು ಅಲ್ಲಿ ಗಡಿ ತಪಾಸಣೆ ಕಡಿಮೆ ಮಾಡುವ ಒಪ್ಪಂದಕ್ಕೆ ಸಹಿ ಬಿತ್ತು. ಸ್ವಿಟ್ಜರ್‌ಲ್ಯಾಂಡ್ ಯುರೋಪ್ ಒಕ್ಕೂಟದಲ್ಲಿ ಇಲ್ಲದಿದ್ದರೂ 2008ರಿಂದ ಈ ವ್ಯವಸ್ಥೆಯಲ್ಲಿದೆ. ಇಂಗ್ಲೆಂಡ್ ಮತ್ತು ಐರ್ಲೆಂಡ್ ಇದರಲ್ಲಿ ಇಲ್ಲ. ಲಂಡನ್ ನೋಡಬೇಕೆಂದರೆ ಬೇರೆ ವೀಸಾ, ಬೇರೆ ಖರ್ಚು.

ಅರ್ಜಿ ಯಾವ ದೇಶಕ್ಕೆ ಹಾಕಬೇಕು ಎಂಬಲ್ಲಿ ಹಲವರು ತಪ್ಪುತ್ತಾರೆ. ವಿಮಾನ ಇಳಿಯುವ ದೇಶಕ್ಕೆ ಎಂದು ತಿಳಿಯುವುದು ಸರಿಯಲ್ಲ. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ.

ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ. ತಡವೆಂದರೆ 15 ದಿನ ಮುಂಚೆ. ನಿರ್ಣಯಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೆ ಹಿಡಿಯುತ್ತದೆ. 2024ರ ಜೂನ್ 11ರಿಂದ ದೊಡ್ಡವರಿಗೆ ಶುಲ್ಕ 90 ಯುರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ಮರಳಿ ಬರುವುದಿಲ್ಲ. ಕನಿಷ್ಠ 30,000 ಯುರೋ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟಿನ ಅವಧಿ ಮರಳುವ ದಿನದ ನಂತರ ಕನಿಷ್ಠ 3 ತಿಂಗಳು ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು.

ಗಂಡ ಹೆಂಡತಿಯರ ಅರ್ಜಿಗಳು ಪ್ರತ್ಯೇಕ. ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಸಿಗದೇ ಹೋಗುವ ಸಾಧ್ಯತೆಯೂ ಇದೆ. ಆದ್ದರಿಂದ ಇಬ್ಬರ ಕಾಗದಗಳೂ ಒಂದಕ್ಕೊಂದು ಹೊಂದಬೇಕು. ಇಲ್ಲಿ ಗಡಿಭಾಗದವರಿಗೆ ಇನ್ನೊಂದು ತೊಡಕಿದೆ. ಅರ್ಜಿ ಯಾವ ಕಾನ್ಸುಲೇಟಿಗೆ ಹೋಗಬೇಕು ಎಂಬುದು ಕೆಲವು ದೇಶಗಳ ವಿಷಯದಲ್ಲಿ ವಾಸದ ರಾಜ್ಯದ ಮೇಲೆ ಇರುತ್ತದೆ. ಮದುವೆಗೆ ಮುಂಚೆ ಅರ್ಜಿ ಹಾಕಿದರೆ ವರನದು ಒಂದು ಕಡೆ, ವಧುವಿನದು ಇನ್ನೊಂದು ಕಡೆ ಹೋಗಬಹುದು. ಮದುವೆಯ ನಂತರ ಹಾಕುವುದಾದರೆ ಮದುವೆ ನೋಂದಣಿ ಪತ್ರ ಮತ್ತು ಈಗಿನ ವಾಸದ ಪುರಾವೆ ಇಟ್ಟು ಇಬ್ಬರೂ ಒಂದೇ ಕೇಂದ್ರಕ್ಕೆ ಹೋಗುವುದು ಸುಲಭ. ಬೆರಳಚ್ಚು ಕೊಡಲು ಸ್ವತಃ ಹೋಗಬೇಕು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ರೈತ ಮನೆತನದವರ ಕಾಗದಪತ್ರ

ನೌಕರಿಯವರಿಗೆ ಪಗಾರದ ಚೀಟಿ, ರಜೆ ಮಂಜೂರಿ ಪತ್ರ ಸಾಕಾಗುತ್ತದೆ. ಕಬ್ಬಿನ ಬಿಲ್ಲಿನ ಮೇಲೆ ನಡೆಯುವ ಮನೆಯವರು ಹೆಚ್ಚು ತಯಾರಿ ಮಾಡಬೇಕು. ಮಹಾರಾಷ್ಟ್ರದಲ್ಲಿ ಸಾತಬಾರಾ ಉತಾರೆ, ಕರ್ನಾಟಕದಲ್ಲಿ ಪಹಣಿ, ಕಾರ್ಖಾನೆಯ ಬಿಲ್ಲು, ಕೆಲವು ತಿಂಗಳ ಬ್ಯಾಂಕ್ ಖಾತೆಯ ವಿವರ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಮರಾಠಿ ಅಥವಾ ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಜೋಡಿಸಬೇಕು. ಅರ್ಜಿಯ ಮುಂಚಿನ ವಾರ ಸಂಬಂಧಿಕರಿಂದ ದೊಡ್ಡ ಮೊತ್ತ ತಂದು ಖಾತೆಗೆ ತುಂಬಿದರೆ ಸಂಶಯ ಬರುತ್ತದೆ. ತಂದೆ ಖರ್ಚು ಕೊಡುತ್ತಿದ್ದರೆ ಅದನ್ನು ಪತ್ರದಲ್ಲಿ ನೇರವಾಗಿ ಬರೆದು ತಂದೆಯ ಖಾತೆಯ ವಿವರ ಇಡುವುದೇ ಸರಿ.

ಎಷ್ಟು ದೇಶ?

ಹತ್ತು ದಿನದಲ್ಲಿ ಏಳು ದೇಶ ಎಂದು ಜಾಹೀರಾತು ಬರುತ್ತವೆ. ರೈಲಿನಲ್ಲಿ ಹೋಗುವ ಜೋಡಿಗೆ ಅಕ್ಕಪಕ್ಕದ ಮೂರು ದೇಶ ಸಾಕು. ಊರು ಬದಲಿಸುವ ಪ್ರತಿ ದಿನವೂ ಗಂಟು ಕಟ್ಟುವುದು, ಸ್ಟೇಷನ್ನಿಗೆ ಹೋಗುವುದು, ಹೊಸ ಹೋಟೆಲ್ ಹುಡುಕುವುದರಲ್ಲೇ ಅರ್ಧ ಕಳೆಯುತ್ತದೆ.

ಒಂದು ಮಾದರಿ ಹೀಗಿದೆ. ಮುಂಬೈನಿಂದ ಪ್ಯಾರಿಸ್‌ಗೆ ವಿಮಾನ, ಅಲ್ಲಿ 3 ರಾತ್ರಿ. ಪ್ಯಾರಿಸ್‌ನಿಂದ ಬಾಸೆಲ್‌ಗೆ ವೇಗದ ರೈಲಿನಲ್ಲಿ ಸುಮಾರು 3 ತಾಸು, ಅಲ್ಲಿಂದ ಇಂಟರ್‌ಲಾಕೆನ್‌ಗೆ ಸುಮಾರು 2 ತಾಸು. ಇಂಟರ್‌ಲಾಕೆನ್‌ನಲ್ಲಿ 4 ರಾತ್ರಿ. ಮುಂದೆ ಸ್ಪೀಟ್ಸ್ ಮತ್ತು ಮಿಲಾನ್‌ನಲ್ಲಿ ಗಾಡಿ ಬದಲಿಸಿ ವೆನಿಸ್, 2 ರಾತ್ರಿ. ವೆನಿಸ್‌ನಿಂದ ರೋಮ್ ಸುಮಾರು 4 ತಾಸು, ಅಲ್ಲಿ 3 ರಾತ್ರಿ. ರೋಮ್‌ನಿಂದಲೇ ಮರಳಿ ವಿಮಾನ. ಬಂದ ದಾರಿಯಲ್ಲಿ ಹಿಂದೆ ಹೋಗುವ ಖರ್ಚು ಉಳಿಯುತ್ತದೆ. ಈ ಲೆಕ್ಕದಲ್ಲಿ ಫ್ರಾನ್ಸ್ 3, ಸ್ವಿಟ್ಜರ್‌ಲ್ಯಾಂಡ್ 4, ಇಟಲಿ 5 ರಾತ್ರಿ. ಅಂದರೆ ಇಳಿಯುವುದು ಪ್ಯಾರಿಸ್ ಆದರೂ ವೀಸಾ ಅರ್ಜಿ ಇಟಲಿಗೆ.

ಖರ್ಚು ಕಡಿಮೆ ಬೇಕೆಂದರೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ದಾರಿ ಇದೆ. ಪ್ರಾಗ್‌ನಿಂದ ವಿಯೆನ್ನಾ ಸುಮಾರು 4 ತಾಸು, ವಿಯೆನ್ನಾದಿಂದ ಬುಡಾಪೆಸ್ಟ್ 3 ತಾಸಿಗಿಂತ ಕಡಿಮೆ. ಹಣ ಮಾತ್ರ ಎಲ್ಲ ಕಡೆ ಯುರೋ ಅಲ್ಲ. ಚೆಕ್ ದೇಶದಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್, ಸ್ವಿಟ್ಜರ್‌ಲ್ಯಾಂಡಿನಲ್ಲಿ ಫ್ರಾಂಕ್.

ಪಾಸ್ ಬೇಕೋ, ಟಿಕೆಟ್ ಬೇಕೋ?

ಯುರೇಲ್ ಪಾಸ್ 1959ರಿಂದ ಇದೆ. ಯುರೋಪಿನ ಹೊರಗಿನ ನಿವಾಸಿಗಳಿಗಾಗಿ ಇರುವ ಈ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಒಂದು ತಿಂಗಳಲ್ಲಿ 4, 5 ಅಥವಾ 7 ದಿನ, ಎರಡು ತಿಂಗಳಲ್ಲಿ 10 ಅಥವಾ 15 ದಿನ ಪ್ರಯಾಣ ಮಾಡುವಂಥ ಪಾಸ್‌ಗಳಿವೆ. ಪ್ರಯಾಣದ ದಿನ ಎಂದರೆ ನಡುರಾತ್ರಿಯಿಂದ ನಡುರಾತ್ರಿ. ಆ ದಿನ ಎಷ್ಟು ಗಾಡಿ ಬೇಕಾದರೂ ಹತ್ತಬಹುದು. 27 ವರ್ಷದವರೆಗಿನವರಿಗೆ ರಿಯಾಯಿತಿ ಇದೆ. ಪಾಸ್ ಈಗ ಮೊಬೈಲಿನಲ್ಲೇ ಬರುತ್ತದೆ.

ಪಾಸ್ ಇದ್ದರೆ ಎಲ್ಲವೂ ಉಚಿತ ಎಂದು ತಿಳಿಯಬಾರದು. ಇದು ಗಡಿಭಾಗದ ಹೆಣ್ಣುಮಕ್ಕಳಿಗೆ ಬೇಗ ಅರ್ಥವಾಗುವ ವಿಷಯ. ಕರ್ನಾಟಕದ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ರಾಜ್ಯದ ಒಳಗೆ ಮಾತ್ರ, ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ಅರ್ಧ ದರ. ಗಡಿ ದಾಟಿದ ಕೂಡಲೇ ನಿಯಮ ಬೇರೆ. ಯುರೋಪಿನಲ್ಲೂ ಹಾಗೆಯೇ. ಜರ್ಮನಿ, ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಾದ ಹೆಚ್ಚಿನ ಹಗಲು ಗಾಡಿಗಳಲ್ಲಿ ಪಾಸ್ ತೋರಿಸಿ ಕೂಡಬಹುದು. ಫ್ರಾನ್ಸ್‌ನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ವೇಗದ ಗಾಡಿ ಮತ್ತು ರಾತ್ರಿ ರೈಲುಗಳಲ್ಲಿ ಪಾಸ್ ಇದ್ದರೂ ಹಣ ಕೊಟ್ಟು ಸೀಟು ಕಾಯ್ದಿರಿಸಬೇಕು. ಯುಂಗ್‌ಫ್ರಾಯೋಖ್ ಬೆಟ್ಟದ ರೈಲು 1912ರಲ್ಲಿ ಪೂರ್ತಿಯಾಗಿದ್ದು, ಸಮುದ್ರಮಟ್ಟದಿಂದ 3454 ಮೀಟರ್ ಎತ್ತರದ ನಿಲ್ದಾಣಕ್ಕೆ ಒಯ್ಯುತ್ತದೆ. ಅಲ್ಲಿ ಯುರೇಲ್ ಪಾಸಿಗೆ ರಿಯಾಯಿತಿ ಮಾತ್ರ.

ಮೇಲಿನ ಮಾದರಿಯಲ್ಲಿ ದೂರದ ಪ್ರಯಾಣ ಮೂರೇ ದಿನ. ಅಂಥವರಿಗೆ ಮುಂಚಿತವಾಗಿ ತೆಗೆದ ಬಿಡಿ ಟಿಕೆಟ್ ಅಗ್ಗವಾಗಬಹುದು. ಐದಾರು ದಿನ ರೈಲಿನಲ್ಲಿರುವವರು ಪಾಸಿನ ದರದೊಂದಿಗೆ ಹೋಲಿಸಿ ನೋಡಬೇಕು. ವೇಗದ ರೈಲಿನ ದರ ವಿಮಾನದಂತೆ ದಿನ ಹತ್ತಿರ ಬಂದಂತೆ ಏರುತ್ತದೆ. ಆದರೆ ಅಗ್ಗದ ಟಿಕೆಟ್ ಸಾಮಾನ್ಯವಾಗಿ ರದ್ದು ಮಾಡಲು ಬರುವುದಿಲ್ಲ. ಆದ್ದರಿಂದ ವೀಸಾ ಅರ್ಜಿ ಬೇಗ ಹಾಕಿ, ವೀಸಾ ಕೈಗೆ ಬಂದ ದಿನವೇ ಟಿಕೆಟ್ ತೆಗೆಯುವುದು ಲಾಭದ ದಾರಿ. ಅಲ್ಲಿಯವರೆಗೆ ರದ್ದು ಮಾಡಲು ಬರುವ ಹೋಟೆಲ್ ಬುಕಿಂಗ್ ಮಾತ್ರ ಇರಲಿ.

ಸ್ಟೇಷನ್ನಿನಲ್ಲಿ

ಗಾಡಿ ಬದಲಿಸುವುದು ಅಲ್ಲಿ ದಿನನಿತ್ಯದ ಮಾತು. ಮೀರಜ ಜಂಕ್ಷನ್ನಿನಲ್ಲಿ ಗೇಜ್ ಬದಲಾಗುತ್ತಿದ್ದ ಕಾಲದಲ್ಲಿ ಗಂಟು ಹೊತ್ತು ಇನ್ನೊಂದು ಗಾಡಿ ಹತ್ತಿದ್ದು ಇಲ್ಲಿನ ಹಿರಿಯರಿಗೆ ನೆನಪಿದೆ. ಯುರೋಪಿನಲ್ಲಿ ಹಮಾಲರು ಸಿಗುವುದು ಅಪರೂಪ. ನಡುವಿನ ನಿಲ್ದಾಣಗಳಲ್ಲಿ ಗಾಡಿ ಒಂದೆರಡು ನಿಮಿಷ ನಿಲ್ಲುತ್ತದೆ, ಬಾಗಿಲು ತಾನೇ ಮುಚ್ಚುತ್ತದೆ. ತಾವೇ ಎತ್ತಲಾಗುವಷ್ಟು, ಒಬ್ಬರಿಗೆ ಒಂದೇ ಪೆಟ್ಟಿಗೆ ಇರಬೇಕು. ದೊಡ್ಡ ಊರಿನಲ್ಲಿ ಹಲವು ಸ್ಟೇಷನ್‌ಗಳಿರುತ್ತವೆ. ಪ್ಯಾರಿಸ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ವೇಗದ ಗಾಡಿ ಹೊರಡುವುದು ಗಾರ್ ದ ಲಿಯೋಂ ನಿಲ್ದಾಣದಿಂದ. ಟಿಕೆಟಿನ ಮೇಲೆ ಸ್ಟೇಷನ್ನಿನ ಪೂರ್ಣ ಹೆಸರು ಓದಬೇಕು.

1961ರಲ್ಲಿ ಗೋವಾ ವಿಮೋಚನೆ ಆಗುವವರೆಗೆ ಕ್ಯಾಸಲ್‌ರಾಕ್ ಪೋರ್ಚುಗೀಸ್ ಗಡಿಯ ಸ್ಟೇಷನ್ ಆಗಿತ್ತು. ಷೆಂಗೆನ್ ದೇಶಗಳ ನಡುವೆ ಅಂಥ ಕಾಯಂ ತಪಾಸಣೆ ಇಲ್ಲ. ಆದರೂ ಪಾಸ್‌ಪೋರ್ಟ್ ಮೈಮೇಲೆ ಇರಲೇಬೇಕು. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಆರಂಭಿಸಿತು. 2025ರ ಅಕ್ಟೋಬರ್ 12ರಿಂದ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು, ಮುಖದ ಫೋಟೋ ದಾಖಲಿಸುವ ಹೊಸ ಪದ್ಧತಿಯನ್ನು ಹಂತಹಂತವಾಗಿ ತರಲಾಯಿತು. ಇಳಿದ ಮೇಲೆ ಮೊದಲ ರೈಲಿಗೆ ಸಾಕಷ್ಟು ಸಮಯ ಬಿಟ್ಟುಕೊಳ್ಳಬೇಕು.

ಬುತ್ತಿ ಮತ್ತು ಬಂಗಾರ

ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ಒಯ್ಯಲು ಬಿಡುವುದಿಲ್ಲ. ಬೆಳಗಾವಿ ಕುಂದಾ, ಪೇಢೆ, ಮನೆಯ ತುಪ್ಪ ಊರಲ್ಲೇ ಉಳಿಯಬೇಕು. ಶೇಂಗಾ ಚಟ್ನಿ, ಒಣ ಅವಲಕ್ಕಿ, ಖಾಕ್ರಾ ಇವು ರೈಲಿನಲ್ಲಿ ಉಪಯೋಗ ಬೀಳುತ್ತವೆ.

ಮದುವೆಯ ಬಂಗಾರ ಮೈಮೇಲೆ ಹಾಕಿಕೊಂಡು ಹೋಗುವುದು ಬೇಡ. ಪ್ಯಾರಿಸ್ ಮೆಟ್ರೋ, ರೋಮ್‌ನ ತೆರ್ಮಿನಿ ಸ್ಟೇಷನ್ ಕಿಸೆಗಳ್ಳರಿಗೆ ಹೆಸರಾದ ಜಾಗಗಳು. ಬೆಲೆಬಾಳುವ ಆಭರಣ ಒಯ್ಯಲೇಬೇಕೆಂದರೆ ಹೊರಡುವಾಗ ಭಾರತದ ಕಸ್ಟಮ್ಸ್ ಕಡೆಯಿಂದ ಪ್ರಮಾಣಪತ್ರ ಪಡೆದರೆ ಮರಳುವಾಗ ಪ್ರಶ್ನೆ ಬರುವುದಿಲ್ಲ.

ಯಾವಾಗ ಏನು

ನಿಶ್ಚಿತಾರ್ಥ ಆದಾಗ: ಇಬ್ಬರ ಪಾಸ್‌ಪೋರ್ಟ್.
ಪ್ರವಾಸಕ್ಕೆ 6 ತಿಂಗಳು ಮುಂಚೆ: ದೇಶ ಮತ್ತು ರಾತ್ರಿಗಳ ಲೆಕ್ಕ.
4 ತಿಂಗಳು ಮುಂಚೆ: ಅನುವಾದ, ವಿಮೆ, ವೀಸಾ ಕೇಂದ್ರದ ಭೇಟಿಯ ದಿನಾಂಕ.
ವೀಸಾ ಬಂದ ದಿನ: ರೈಲಿನ ಟಿಕೆಟ್ ಅಥವಾ ಪಾಸ್, ಸೀಟು ಕಾಯ್ದಿರಿಸುವಿಕೆ.
ಹೊರಡುವ ವಾರ: ಎಲ್ಲ ಕಾಗದಗಳ ಎರಡು ಪ್ರತಿ; ಒಂದು ಜೊತೆಗೆ, ಒಂದು ಮನೆಯವರ ಹತ್ತಿರ.

ಮದುವೆಯ ಗಡಿಬಿಡಿಯಲ್ಲಿ ಇಷ್ಟೆಲ್ಲ ಆಗದಿದ್ದರೆ ಪ್ರವಾಸವನ್ನು ನಾಲ್ಕೈದು ತಿಂಗಳು ಮುಂದೆ ಹಾಕುವುದರಲ್ಲಿ ನಷ್ಟವಿಲ್ಲ. ಕಾರ್ತಿಕದ ನಂತರ ಮದುವೆಯಾದವರು ಆಗಲೇ ಹೋದರೆ ಚಳಿಗಾಲ, ಸಂಜೆ ಐದಕ್ಕೆ ಕತ್ತಲೆ. ಏಪ್ರಿಲ್, ಮೇ ತಿಂಗಳಿಗೆ ಹೋದರೆ ದಿನವೂ ದೊಡ್ಡದು, ಅಷ್ಟರೊಳಗೆ ಮದುವೆ ನೋಂದಣಿಯೂ ಮುಗಿದಿರುತ್ತದೆ.