ಶೂನ್ಯತೆ (ಬೌದ್ಧ ದರ್ಶನ)

ಬೋಧಿಗೆ, ಅಂದರೆ ಒಳಗಿನ ಎಚ್ಚರಕ್ಕೆ, ದಾರಿಯೆಂದು ಬೌದ್ಧರು ಹೇಳುವ ಅರಿವು. ಕಾರಣಗಳನ್ನು ಆಶ್ರಯಿಸದೆ ತನ್ನಷ್ಟಕ್ಕೆ ತಾನೇ ಇರುವ ವಸ್ತುವಾಗಲಿ ವ್ಯಕ್ತಿಯಾಗಲಿ ಇಲ್ಲ ಎಂಬುದು ಇದರ ತಿರುಳು. ಇದನ್ನು 'ಏನೂ ಇಲ್ಲ' ಎನ್ನುವ ವಾದವೆಂದು ತಿಳಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಈ ವಿಚಾರ ಬೆಳೆದದ್ದು ಬಹುಮಟ್ಟಿಗೆ ಆ ಆಕ್ಷೇಪಕ್ಕೆ ಉತ್ತರ ಕೊಡುತ್ತಲೇ.

ಇದರ ಬೇರು ಪಾಲಿ ಸುತ್ತಗಳಲ್ಲಿದೆ. ಮಜ್ಝಿಮನಿಕಾಯದ 121ನೆಯದಾದ ಚೂಳಸುಞ್ಞತ ಸುತ್ತದಲ್ಲಿ ಬುದ್ಧ ಶ್ರಾವಸ್ತಿಯ ಪೂರ್ವಾರಾಮದಲ್ಲಿ ಆನಂದನಿಗೆ ತಾವಿರುವ ಭವನವನ್ನೇ ತೋರಿಸುತ್ತಾನೆ. ಅಲ್ಲಿ ಆನೆ, ಹಸು, ಕುದುರೆಗಳಿಲ್ಲ, ಬೆಳ್ಳಿಬಂಗಾರವಿಲ್ಲ. ಭಿಕ್ಷುಸಂಘ ಮಾತ್ರ ಇದೆ. ಧ್ಯಾನಿಯೂ ಹೀಗೆಯೇ ನೋಡಬೇಕು. ಊರಿನ ನೆನಪು ಬಿಟ್ಟು ಕಾಡಿನ ಮೇಲೆ, ಕಾಡನ್ನು ಬಿಟ್ಟು ನೆಲದ ಮೇಲೆ, ಆಮೇಲೆ ಅನಂತ ಆಕಾಶದ ಮೇಲೆ ಮನಸ್ಸು ನಿಲ್ಲಿಸುತ್ತ, ಪ್ರತಿ ಹಂತದಲ್ಲೂ ಇಲ್ಲದ್ದನ್ನು ಇಲ್ಲವೆಂದು, ಉಳಿದದ್ದನ್ನು ಇದೆಯೆಂದು ಅರಿಯಬೇಕು. ಕೊನೆಗೂ ದೇಹ ಮತ್ತು ಆರು ಇಂದ್ರಿಯಗಳು ಉಳಿದೇ ಇರುತ್ತವೆ. ಇಲ್ಲವಾಗುವುದು ಚಿತ್ತದ ಕಲ್ಮಷ. ಶೂನ್ಯತೆ ಇಲ್ಲಿ ಸಿದ್ಧಾಂತವಾಗುವ ಮೊದಲು ಸಾಧನೆ.

ಅನಂತರ ಬಂದ ಸರ್ವಾಸ್ತಿವಾದಿಗಳೆಂಬ ಬೌದ್ಧ ಪಂಥದವರು ವ್ಯಕ್ತಿಗೆ ಆತ್ಮವಿಲ್ಲವೆಂದರೂ ಅನುಭವದ ಮೂಲಘಟಕಗಳಾದ 'ಧರ್ಮ'ಗಳಿಗೆ ತಮ್ಮದೇ ಆದ ಸ್ವಭಾವವಿದೆಯೆಂದರು. ಅವೂ ಶೂನ್ಯವೆಂದು ಸಾರಿದವು ಪ್ರಜ್ಞಾಪಾರಮಿತಾ ಸೂತ್ರಗಳು. ಇವುಗಳಲ್ಲಿ ಒಂದನ್ನು ಲೋಕಕ್ಷೇಮ ಕ್ರಿ.ಶ. 179ರಲ್ಲಿ ಚೀನೀ ಭಾಷೆಗೆ ತಂದ.

ಇದಕ್ಕೆ ತರ್ಕದ ಗಟ್ಟಿತನ ಕೊಟ್ಟವನು ಸುಮಾರು 2-3ನೆಯ ಶತಮಾನದ ನಾಗಾರ್ಜುನ. ಅವನ ಮೂಲಮಧ್ಯಮಕಕಾರಿಕೆಯಲ್ಲಿ 27 ಪ್ರಕರಣಗಳಿದ್ದು, 24ನೆಯದು ಗ್ರಂಥದ ಹೃದಯ. ಎಲ್ಲವೂ ಶೂನ್ಯವಾದರೆ ನಾಲ್ಕು ಆರ್ಯಸತ್ಯಗಳು, ಬುದ್ಧ, ಸಂಘ ಯಾವುದೂ ಉಳಿಯುವುದಿಲ್ಲ ಎಂದು ಎದುರಾಳಿ ವಾದ ಹೂಡುತ್ತಾನೆ. ನಾಗಾರ್ಜುನ ಆ ವಾದವನ್ನು ಅವನ ಮೇಲೆಯೇ ತಿರುಗಿಸುತ್ತಾನೆ. ದುಃಖಕ್ಕೆ ಸ್ವಂತ, ಬದಲಾಗದ ಸ್ವಭಾವವಿದ್ದರೆ ಅದು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ; ಆಗ ಸಾಧನೆಗೆ ಅರ್ಥವೇನು? ಕಾರಣಗಳಿಂದ ಹುಟ್ಟುವುದು, ಅಂದರೆ ಪ್ರತೀತ್ಯಸಮುತ್ಪಾದವೇ, ಅವನ ಪಾಲಿಗೆ ಶೂನ್ಯತೆ. ಶೂನ್ಯತೆಯನ್ನೇ ಒಂದು ಮತವಾಗಿ ಹಿಡಿದು ಕೂತವರಿಗೆ ಮದ್ದಿಲ್ಲವೆಂದೂ ಅವನು ಎಚ್ಚರಿಸಿದ್ದಾನೆ. ಈ ಎಚ್ಚರಿಕೆಯನ್ನು ಬಿಟ್ಟು ಅವನನ್ನು ಓದಿದರೆ ಓದಿಯೂ ಓದದಂತೆ.

ಮುಂದೆ ಬುದ್ಧಪಾಲಿತ, ಭಾವವಿವೇಕ, 7ನೆಯ ಶತಮಾನದ ಚಂದ್ರಕೀರ್ತಿ ಈ ಕಾರಿಕೆಗಳಿಗೆ ವ್ಯಾಖ್ಯಾನ ಬರೆದರು. ಅಸಂಗ, ವಸುಬಂಧುಗಳ ಯೋಗಾಚಾರ ಶೂನ್ಯತೆಯನ್ನು ಚಿತ್ತದ ಕಡೆಯಿಂದ ವಿವರಿಸಿತು.

8ನೆಯ ಶತಮಾನದ ಕೊನೆಯಲ್ಲಿ ಟಿಬೆಟ್ಟಿನ ಸಮ್ಯೆ ವಿಹಾರದಲ್ಲಿ ಈ ಎಚ್ಚರಕ್ಕೆ ದಾರಿ ಯಾವುದೆಂಬ ವಾದವೊಂದು ನಡೆಯಿತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಯೋಚನೆಗಳನ್ನೆಲ್ಲ ನಿಲ್ಲಿಸಿದರೆ ಎಚ್ಚರ ಥಟ್ಟನೆ ಬರುತ್ತದೆಂಬುದು ಚೀನೀ ಭಿಕ್ಷು ಮೊಹೆಯನ್‌ನ ಪಕ್ಷ. ಶೀಲ, ಕರುಣೆ, ವಿಚಾರಣೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಬರಬೇಕೆಂಬುದು ಭಾರತದಿಂದ ಹೋದ ಕಮಲಶೀಲನ ಪಕ್ಷ. ಗೆದ್ದವನು ಕಮಲಶೀಲನೆಂದು ಟಿಬೆಟನ್ ಆಕರಗಳು ದಾಖಲಿಸಿವೆ. ಮುಂದೆ ಅಲ್ಲಿಯೇ, ನಾಗಾರ್ಜುನನಿಗೆ ಚಂದ್ರಕೀರ್ತಿ ಬರೆದ ವ್ಯಾಖ್ಯಾನವನ್ನು ಗೆಲುಗ್ ಪಂಥದ ಮೂಲಪುರುಷ ತ್ಸೊಂಗ್‌ಖಾಪ (1357-1419) ಎತ್ತಿಹಿಡಿದ.

ಶೂನ್ಯವೆಂದೊಡನೆ ಕನ್ನಡಿಗರಿಗೆ ಅಲ್ಲಮಪ್ರಭುವೂ 15ನೆಯ ಶತಮಾನದ ಶೂನ್ಯಸಂಪಾದನೆಯೂ ನೆನಪಾಗುವುದು ಸಹಜ. ಆದರೆ ಶರಣರ ಶೂನ್ಯ ಪರವಸ್ತುವಿನ ನಿಲುವನ್ನೇ ಸೂಚಿಸುತ್ತದೆ. ನಾಗಾರ್ಜುನನ ಶೂನ್ಯತೆ ಅಂಥ ಯಾವ ವಸ್ತುವನ್ನೂ ಒಪ್ಪುವುದಿಲ್ಲ. ಎರಡನ್ನೂ ಒಂದೆನ್ನುವುದು ಎರಡಕ್ಕೂ ಮಾಡುವ ಅನ್ಯಾಯ.

ಮಾಧ್ಯಮಿಕ, ಅಂದರೆ ನಾಗಾರ್ಜುನನ ಪಂಥದ, ಅಧ್ಯಯನ ಕರ್ನಾಟಕದಲ್ಲಿ ಇಂದು ಜೀವಂತವಾಗಿದೆ. ಟಿಬೆಟ್ಟಿನಿಂದ ಬಂದ ನಿರಾಶ್ರಿತರು ಬೈಲಕುಪ್ಪೆಯಲ್ಲಿ ಸೆರಾ, ಮುಂಡಗೋಡಿನಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳನ್ನು ಮತ್ತೆ ಕಟ್ಟಿದರು. ಅವುಗಳ ಅಂಗಳದಲ್ಲಿ ಪ್ರಶ್ನೆ ಕೇಳುವ ಭಿಕ್ಷು ನಿಂತು, ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ; ಕೂತವನು ಚಂದ್ರಕೀರ್ತಿಯ ಮಧ್ಯಮಕಾವತಾರದ ಆಧಾರದಿಂದ ಉತ್ತರಿಸಬೇಕು. ಶತಮಾನಗಳ ಕಾಲ ಗಂಡಸರಿಗೆ ಮೀಸಲಾಗಿದ್ದ ಈ ವಿದ್ಯೆಯ ಅತ್ಯುನ್ನತ ಪದವಿಯನ್ನು 2016ರ ಡಿಸೆಂಬರ್‌ನಲ್ಲಿ 20 ಬೌದ್ಧ ಸಂನ್ಯಾಸಿನಿಯರು ಮುಂಡಗೋಡಿನಲ್ಲಿ ದಲೈಲಾಮಾ ಅವರಿಂದ ಪಡೆದರು.